ಪ್ರಕೃತಿ ಶಿಬಿರವೋ, ಕಾಡಿನ ಜಾತ್ರೆಯೋ?

ಏಪ್ರಿಲ್ ಬಂತೆಂದರೆ ಮಲೆನಾಡಿನಲ್ಲಿ ಮಕ್ಕಳ ‘ಪ್ರಕೃತಿ ಶಿಬಿರ’ಗಳ ಸುಗ್ಗಿ. ಹಗಲು ಹಗ್ಗದಾಟ, ರಾತ್ರಿ ಧ್ವನಿವರ್ಧಕದ ಕುಣಿತ. ನಡುವೆ ಅರ್ಧ ಗಂಟೆ ಪರಿಸರ ಪಾಠ. ಆ ಪಾಠಕ್ಕೆ ಹೋಗುವವರಲ್ಲಿ ನಾನೂ ಒಬ್ಬ. ಆದುದರಿಂದಲೇ ಈ ಮಾತು.

ಇದೇ ದಿನಗಳಲ್ಲಿ ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ತನ್ನನ್ನು ಮುಚ್ಚಿಕೊಂಡು ಮರಿ ಬೆಳೆಸುತ್ತದೆ. ಗಂಡು ತರುವ ಹಣ್ಣೇ ಅದರ ಆಧಾರ. ಗದ್ದಲಕ್ಕೆ ಬೆದರಿ ಗಂಡು ದೂರವಾದರೆ ಒಳಗಿನ ಜೀವಗಳಿಗೆ ಉಪವಾಸ. ಇದನ್ನರಿಯದ ಶಿಬಿರ ಕಲಿಸುವುದು ಪ್ರಕೃತಿಯನ್ನಲ್ಲ, ಅದರ ಭೋಗವನ್ನು.

1983ರಲ್ಲಿ ಶಿರಸಿ ಸೀಮೆಯಲ್ಲಿ ಮರಗಳನ್ನಪ್ಪಿ ಕೊಡಲಿಯನ್ನು ತಡೆದವರು ಶಿಬಿರಾರ್ಥಿಗಳಲ್ಲ. ಕಾಡಳಿದರೆ ತೋಟಕ್ಕೆ ಸೊಪ್ಪೂ ಇಲ್ಲ, ನೀರೂ ಇಲ್ಲವೆಂದು ಬಲ್ಲ ಹಳ್ಳಿಗರು. ಇಂದು ಅವರ ಮೊಮ್ಮಕ್ಕಳಿಗೆ ಶುಲ್ಕದ ಗೋಡೆ ದಾಟಿ ಶಿಬಿರದೊಳಗೆ ಪ್ರವೇಶವಿಲ್ಲ!

ಧ್ವನಿವರ್ಧಕ ಮೌನವಾಗಲಿ. ಉಪ್ಪಾಗೆ, ಮುರುಗಲು ಬಲ್ಲ ಊರ ಹಿರಿಯರೇ ಗುರುಗಳಾಗಲಿ. ಊರಿನ ಮಕ್ಕಳಿಗೆ ಬಾಗಿಲು ತೆರೆಯಲಿ. ಒಪ್ಪದ ಶಿಬಿರಗಳಿಗೆ ನಮ್ಮ ಗ್ರಾಮಸಭೆಗಳು ಸ್ಪಷ್ಟವಾಗಿ ಹೇಳಲಿ: ಇಲ್ಲಿ ಬೇಡ.