‘ಹಾರ್ಟ್ ಪ್ಯಾಕೇಜ್’ ಟೆಸ್ಟಿಗೆ ದುಡ್ಡು ಕಟ್ಟುವ ಮುನ್ನ: ರಕ್ತದ ರಿಪೋರ್ಟ್ ಹೃದಯದ ಬಗ್ಗೆ ಎಷ್ಟು ಹೇಳುತ್ತೆ?

ಹಾಸನ: 2025ರ ಜೂನ್, ಜುಲೈನಲ್ಲಿ ಜಿಲ್ಲೆಯಲ್ಲಿ ಒಂದರ ಹಿಂದೆ ಒಂದು ಹೃದಯಾಘಾತದ ಸುದ್ದಿ ಬಂದಾಗ ಜನ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಕ್ಯೂ ನಿಂತಿದ್ದರು. ಆ ಭಯ ಈಗ ಇಳಿದಿದೆ. ಇಳಿಯದೇ ಉಳಿದಿರುವುದು ‘ಹಾರ್ಟ್ ಪ್ಯಾಕೇಜ್’ ರಕ್ತಪರೀಕ್ಷೆಯ ಜಾಹೀರಾತುಗಳು. ರಿಪೋರ್ಟ್ ನಾರ್ಮಲ್ ಬಂದರೆ ಹೃದಯ ಗ್ಯಾರಂಟಿ ಅಂತ ಅಂಗಡಿ ಬಾಗಿಲು ತೆಗೆದು ಕೂರುವವರೂ ಇದ್ದಾರೆ. ತೊಂದರೆ ಇರುವುದೇ ಅಲ್ಲಿ.

ಆಗ ಸರ್ಕಾರ ನೇಮಿಸಿದ್ದ, ಜಯದೇವ ಸಂಸ್ಥೆಯ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ 24 ಸಾವುಗಳನ್ನು ಪರಿಶೀಲಿಸಿತು. ಅದರಲ್ಲಿ 4 ಸಾವು ಹೃದಯಕ್ಕೆ ಸಂಬಂಧಿಸಿದ್ದೇ ಅಲ್ಲ. ಉಳಿದವುಗಳಲ್ಲಿ ಹೊಸ ರೋಗವೇನೂ ಸಿಗಲಿಲ್ಲ. ಸಿಕ್ಕಿದ್ದು ಹಳೆಯ ಪಟ್ಟಿಯೇ: ಬಿಪಿ, ಶುಗರ್, ಬೀಡಿ-ಸಿಗರೇಟು, ಕುಡಿತ. ಆಟೋ, ಕ್ಯಾಬ್ ಓಡಿಸುವವರ ಸಂಖ್ಯೆಯೂ ಎದ್ದು ಕಂಡಿತ್ತು. ದಿನವಿಡೀ ಗಲ್ಲಾಪೆಟ್ಟಿಗೆ ಮುಂದೆ ಕೂರುವವರ ಬದುಕೂ ಅದಕ್ಕಿಂತ ದೂರ ಏನಿಲ್ಲ.

ಪ್ಯಾಕೇಜ್‌ನಲ್ಲಿ ಇರುವ ಟೆಸ್ಟ್‌ಗಳೆಲ್ಲ ಸುಳ್ಳು ಅಂತಲ್ಲ. ಒಂದೊಂದೂ ಒಂದೊಂದು ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತೆ. ಎಚ್‌ಎಸ್-ಸಿಆರ್‌ಪಿ ಮೈಯೊಳಗಿನ ಉರಿಯೂತದ ಅಳತೆ. ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಅಪಾಯ ಕಡಿಮೆ, 3 ದಾಟಿದರೆ ಹೆಚ್ಚು. ಆದರೆ ಜ್ವರ, ಹಲ್ಲಿನ ಸೋಂಕು ಇದ್ದಾಗಲೂ ಅದು ಏರುತ್ತೆ. 10 ದಾಟಿದ್ದರೆ ಹೃದಯ ಅಂತ ಹೆದರುವುದಕ್ಕಿಂತ ಸೋಂಕು ವಾಸಿಯಾದ ಮೇಲೆ ಮತ್ತೆ ನೋಡಿಸುವುದು ಸರಿ.

ಇನ್ನೊಂದು ಲೈಪೋಪ್ರೋಟೀನ್-ಎ. ಇದು ಅಪ್ಪ-ಅಮ್ಮನಿಂದ ಬರುವಂಥದ್ದು, ಊಟ ಬದಲಿಸಿದರೂ ಹೆಚ್ಚೇನೂ ಇಳಿಯಲ್ಲ. ಹಾಗಾಗಿ ಜೀವನದಲ್ಲಿ ಒಂದು ಸಲ ಮಾಡಿಸಿದರೆ ಸಾಕು. ಡೆಸಿಲೀಟರಿಗೆ 50 ಮಿಲಿಗ್ರಾಂ ದಾಟಿದ್ದರೆ ಬಿಪಿ, ಕೊಲೆಸ್ಟ್ರಾಲ್ ವಿಚಾರದಲ್ಲಿ ಇನ್ನಷ್ಟು ಬಿಗಿಯಾಗಿರಬೇಕು. ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತ ಆದವರಿದ್ದರೆ ದುಡ್ಡು ಹಾಕಬೇಕಾದ ಟೆಸ್ಟ್ ಇದು. ಪ್ರತಿ ವರ್ಷ ಇದನ್ನೇ ಮಾಡಿಸಿ ಅನ್ನುವವರು ವ್ಯಾಪಾರ ಮಾಡ್ತಿದ್ದಾರೆ ಅಷ್ಟೇ.

ರಕ್ತನಾಳ ಬಿಗಿಯಾಗುವ ವಿಷಯಕ್ಕೆ ಬಂದರೆ, ತೋಟದ ಪೈಪ್ ನೋಡಿದವರಿಗೆ ಅರ್ಥ ಆಗುತ್ತೆ. ಹೊಸ ರಬ್ಬರ್ ಪೈಪ್ ನೀರಿನ ಒತ್ತಡಕ್ಕೆ ಹಿಗ್ಗಿ ಕುಗ್ಗುತ್ತೆ, ಬಿಸಿಲಿಗೆ ಒಣಗಿದ ಪೈಪ್ ಹಿಗ್ಗಲ್ಲ. ರಕ್ತನಾಳ ಹಾಗಾದಾಗ ನಾಡಿಯ ಅಲೆ ವೇಗವಾಗಿ ಓಡುತ್ತೆ. ಕತ್ತಿನಿಂದ ತೊಡೆಸಂದಿಯವರೆಗೆ ಆ ವೇಗ ಅಳೆಯುವ ಯಂತ್ರಗಳಿವೆ. ಸೆಕೆಂಡಿಗೆ 10 ಮೀಟರ್ ದಾಟಿದರೆ ನಾಳ ಬಿಗಿಯಾಗಿದೆ ಅಂತ ಲೆಕ್ಕ. ಆ ಯಂತ್ರ ಹುಡುಕಿಕೊಂಡು ಬೆಂಗಳೂರಿಗೆ ಹೋಗಬೇಕಿಲ್ಲ. ಸಾಮಾನ್ಯ ಬಿಪಿ ಯಂತ್ರದಲ್ಲೇ ಸುಳಿವು ಸಿಗುತ್ತೆ. ವಯಸ್ಸಾದವರಲ್ಲಿ ಮೇಲಿನ ಅಂಕಿಗೂ ಕೆಳಗಿನ ಅಂಕಿಗೂ 60ಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ, ಉದಾಹರಣೆಗೆ 160/80, ಡಾಕ್ಟರ್ ಹತ್ತಿರ ಮಾತಾಡಬೇಕು. ‘ಕೆಳಗಿಂದು ನಾರ್ಮಲ್ ಇದೆಯಲ್ಲ’ ಅಂತ ಬಿಡುವವರೇ ಜಾಸ್ತಿ.

ಹಾಗಾಗಿ ಮೊದಲ ಖರ್ಚು ಎಲ್ಲಿ ಅನ್ನುವುದು ಸ್ಪಷ್ಟ: ಬಿಪಿ, ಶುಗರ್, ಕೊಲೆಸ್ಟ್ರಾಲ್. 30 ದಾಟಿದವರಿಗೆ ಬಿಪಿ, ಶುಗರ್ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತ. ಕೆಟ್ಟ ಕೊಲೆಸ್ಟ್ರಾಲ್ ಅನ್ನುವ ಎಲ್‌ಡಿಎಲ್ 100ರ ಒಳಗಿರಬೇಕು, ಶುಗರ್ ಇದ್ದವರಿಗೆ ಇನ್ನೂ ಕೆಳಗೆ. ಇದನ್ನು ಬಿಟ್ಟು ಹೊಸ ಮಾರ್ಕರ್‌ಗಳ ಹಿಂದೆ ಹೋಗುವುದು ಸೋರುವ ಸೂರು ಬಿಟ್ಟು ಗೋಡೆಗೆ ಬಣ್ಣ ಹೊಡೆದಂತೆ.

ಟ್ರೋಪೋನಿನ್ ವಿಚಾರ ಬೇರೆಯದೇ. ಅದು ಮುಂದೆ ಬರುವ ಅಪಾಯಕ್ಕೆ ಮಾಡಿಸುವ ಟೆಸ್ಟ್ ಅಲ್ಲ, ಹೃದಯದ ಸ್ನಾಯುವಿಗೆ ಏಟು ಬಿದ್ದಿದೆಯಾ ಅಂತ ನೋಡುವಂಥದ್ದು. ಎದೆನೋವು ಶುರುವಾದ ಮೊದಲ ಒಂದೆರಡು ಗಂಟೆಯಲ್ಲಿ ಅದು ಏರಿರದೇ ಇರಬಹುದು, ಅದಕ್ಕೇ ಡಾಕ್ಟರ್ ಎರಡನೇ ಸಲ ರಕ್ತ ತೆಗೆಯುತ್ತಾರೆ. ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿದು ಲ್ಯಾಬ್ ಹುಡುಕುವ ಹೊತ್ತಲ್ಲಿ ಬೇಕಾಗಿರುವುದು ಇಸಿಜಿ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ತಜ್ಞರಿಗೆ ಕಳಿಸಿ, ದೊಡ್ಡ ಹೃದಯಾಘಾತ ಅಂತ ಗೊತ್ತಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಅದಕ್ಕೆ ರಕ್ತದ ರಿಪೋರ್ಟ್ ಬರುವವರೆಗೆ ಕಾಯುವುದಿಲ್ಲ.