ನಾಯಿಮರಿ ಎಷ್ಟು ಹೊತ್ತು ಮಂಕರಿಯೊಳಗಿರಬೇಕು?

ಮಕ್ಕಳೇ, ಮನೆಗೆ ಹೊಸದಾಗಿ ತಂದ ನಾಯಿಮರಿಯನ್ನು ನೀವು ಎಲ್ಲಿ ಇಡುತ್ತೀರಿ? ಗುಂಡ್ಲುಪೇಟೆ, ಹಂಗಳದ ಕಡೆಯ ಶಾಲೆಗಳಲ್ಲಿ ಈ ಪ್ರಶ್ನೆ ಕೇಳಿದರೆ ಕೈ ಎತ್ತಿದವರಲ್ಲಿ ಹೆಚ್ಚಿನವರು ಹೇಳುವುದು ಹೀಗೆ: ಕೋಳಿ ಮುಚ್ಚುವ ಮಂಕರಿಯನ್ನು ಬೋರಲು ಹಾಕಿ ಮೇಲೊಂದು ಕಲ್ಲು ಹೇರುತ್ತೇವೆ. ಕೆಲವರ ಮನೆಯಲ್ಲಿ ಟೊಮೆಟೊ ತುಂಬುವ ಪ್ಲಾಸ್ಟಿಕ್ ಕ್ರೇಟು, ಇನ್ನು ಕೆಲವರಲ್ಲಿ ಕೊಟ್ಟಿಗೆಯ ಗೂಟಕ್ಕೆ ಕಟ್ಟಿದ ಹಗ್ಗ. ಪಟ್ಟಣದವರು ಅಂಗಡಿಯಿಂದ ಕಂಬಿಯ ಪಂಜರ ತರುತ್ತಾರೆ. ವಸ್ತು ಬೇರೆಯಾದರೂ ಮಾಡುವ ಕೆಲಸ ಒಂದೇ. ಮರಿಯನ್ನು ಮುಚ್ಚಿಡುವುದೇ ತಪ್ಪು ಎಂದು ನಾನು ಹೇಳುವುದಿಲ್ಲ. ಎಷ್ಟು ಹೊತ್ತು ಎಂಬುದನ್ನು ಯಾರೂ ಲೆಕ್ಕ ಹಾಕುವುದಿಲ್ಲವಲ್ಲ, ನನ್ನ ತಕರಾರು ಅದು.

ಮೊದಲು ರಾತ್ರಿಯ ವಿಷಯ. ಗುಂಡ್ಲುಪೇಟೆಯಿಂದ ಊಟಿಗೆ ಹೋಗುವ ರಸ್ತೆಯಲ್ಲಿ ಹಂಗಳವಿದೆ. ಗೋಪಾಲಸ್ವಾಮಿ ಬೆಟ್ಟಕ್ಕೆ ತಿರುಗುವುದು ಇಲ್ಲಿಂದಲೇ. ಇನ್ನೊಂದಿಷ್ಟು ದೂರ ಹೋದರೆ ಬಂಡೀಪುರದ ಕಾಡು. ಆ ಕಾಡಿನ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ 2009ರಲ್ಲಿ ನಿರ್ಬಂಧ ಬಂದದ್ದು ನಿಮಗೆ ಗೊತ್ತೇ ಇದೆ. ಆ ಒಂಬತ್ತು ಗಂಟೆ ಕಾಡುಪ್ರಾಣಿಗಳದು. ಹೊಲದ ಅಂಚಿಗೆ ಬರುವ ಚಿರತೆಗೆ ನಾಯಿ ಎಂದರೆ ಸುಲಭದ ಊಟ. ಮಹಾರಾಷ್ಟ್ರದ ಅಕೋಲೆ ಎಂಬಲ್ಲಿ ವಿಜ್ಞಾನಿಗಳು ಚಿರತೆಯ ಹಿಕ್ಕೆಯನ್ನು ತೊಳೆದು, ಅದರಲ್ಲಿ ಉಳಿದ ಕೂದಲನ್ನು ಪರೀಕ್ಷಿಸಿ, ಅದು ಏನೇನು ತಿಂದಿದೆ ಎಂದು ಪತ್ತೆ ಮಾಡಿದರು. 2014ರಲ್ಲಿ ಅವರು ಪ್ರಕಟಿಸಿದ ಪ್ರಕಾರ, ತೂಕದ ಲೆಕ್ಕದಲ್ಲಿ ಅಲ್ಲಿನ ಚಿರತೆಗಳ ಆಹಾರದಲ್ಲಿ ಶೇಕಡಾ 39ರಷ್ಟು ಸಾಕುನಾಯಿ! ಕಟ್ಟಿದ ನಾಯಿಗಾದರೋ ಓಡುವ ದಾರಿಯೂ ಇಲ್ಲ. ಆದ್ದರಿಂದ ನಮ್ಮ ಕಡೆ ಮರಿ ರಾತ್ರಿ ಒಳಗೇ ಇರಬೇಕು. ಒಳಗೆ ಎಂದರೆ ಅಂಗಳದ ಮಂಕರಿಯೊಳಗಲ್ಲ, ಮಂಕರಿಯನ್ನು ಚಿರತೆ ಒಂದೇ ಏಟಿಗೆ ಉರುಳಿಸುತ್ತದೆ. ಗೋಡೆ, ಮಾಡು, ಅಗುಳಿ ಹಾಕುವ ಬಾಗಿಲು ಮೂರೂ ಇರುವ ಜಾಗವಾಗಬೇಕು.

ಇನ್ನು ಹಗಲು. ಲೆಕ್ಕ ಮಾಡೋಣ. ರಾತ್ರಿ ಒಂಬತ್ತು ಗಂಟೆ ಆಯಿತು. ಬೆಳಿಗ್ಗೆ ಹತ್ತಕ್ಕೆ ನೀವು ಶಾಲೆಗೆ ಬಂದು ಸಂಜೆ ನಾಲ್ಕೂವರೆಗೆ ಹೋಗುತ್ತೀರಿ. ಅಪ್ಪ ಅಮ್ಮ ಹೊಲದಲ್ಲಿ. ಅಷ್ಟು ಹೊತ್ತೂ ಮರಿ ಮಂಕರಿಯಲ್ಲೇ ಇದ್ದರೆ ಆರೂವರೆ ಗಂಟೆ. ಎರಡೂ ಕೂಡಿದರೆ ಹದಿನೈದೂವರೆ. ದಿನದ ಇಪ್ಪತ್ನಾಲ್ಕು ಗಂಟೆಯಲ್ಲಿ ಉಳಿದದ್ದು ಎಂಟೂವರೆ ಮಾತ್ರ!

"ಹೇಗಿದ್ದರೂ ಮರಿ ದಿನವಿಡೀ ಮಲಗಿಯೇ ಇರುತ್ತದಲ್ಲ" ಎಂದು ನಿಮ್ಮಲ್ಲಿ ಜಾಣರು ಕೇಳಬಹುದು. ನಿಜ, ಎರಡು ತಿಂಗಳ ಮರಿ ದಿನಕ್ಕೆ ಹದಿನೆಂಟು ಗಂಟೆಯಷ್ಟು ನಿದ್ದೆ ಮಾಡುತ್ತದೆ. ಆದರೆ ಅದು ತುಂಡು ತುಂಡು ನಿದ್ದೆ. ಏಳುತ್ತದೆ, ಉಚ್ಚೆ ಹೊಯ್ಯುತ್ತದೆ, ಏನನ್ನಾದರೂ ಕಚ್ಚಿ ಎಳೆದಾಡುತ್ತದೆ, ಮತ್ತೆ ಮಲಗುತ್ತದೆ. ಎದ್ದಾಗ ಹೊರಗೆ ಹೋಗಲು ದಾರಿ ಇರಬೇಕಲ್ಲವೇ?

ಮೂತ್ರಕೋಶದ ಮೇಲೆ ಹಿಡಿತ ಹುಟ್ಟಿನಿಂದ ಬರುವುದಿಲ್ಲ. ನಾಯಿ ಸಾಕುವವರು ಬಳಸುವ ಒಂದು ಅಂದಾಜು ಲೆಕ್ಕವಿದೆ: ಮರಿಗೆ ಎಷ್ಟು ತಿಂಗಳೋ ಅದಕ್ಕೆ ಒಂದು ಕೂಡಿಸಿ, ಹಗಲಿನಲ್ಲಿ ಹೆಚ್ಚೆಂದರೆ ಅಷ್ಟು ಗಂಟೆ ಅದು ತಡೆದುಕೊಳ್ಳಬಲ್ಲದು. ಎರಡು ತಿಂಗಳ ಮರಿಗೆ ಮೂರು ಗಂಟೆ, ಮೂರು ತಿಂಗಳದಕ್ಕೆ ನಾಲ್ಕು. ಇದು ಮೇಲಿನ ಮಿತಿ, ಅಷ್ಟೂ ಹೊತ್ತು ಮುಚ್ಚಿಡಬಹುದು ಎಂಬ ಅಪ್ಪಣೆಯಲ್ಲ. ನಾಯಿಗೆ ತಾನು ಮಲಗುವ ಜಾಗ ಕೊಳೆ ಮಾಡುವುದು ಸಹಜವಾಗಿಯೇ ಇಷ್ಟವಿಲ್ಲ. ಹೊರಬರಲಾಗದೆ ಅಲ್ಲೇ ಮಾಡಿ ಮಾಡಿ ಅಭ್ಯಾಸವಾದ ಮರಿ ಆ ಒಳ್ಳೆಯ ಗುಣವನ್ನೇ ಕಳೆದುಕೊಳ್ಳುತ್ತದೆ. ಆಮೇಲೆ "ಗಲೀಜು ನಾಯಿ" ಎಂದು ಬೈದರೆ ಯಾರ ತಪ್ಪು?

ಹೊರದೇಶದ ಪುಸ್ತಕಗಳಲ್ಲಿ, ನಡುರಾತ್ರಿ ಮರಿ ಎದ್ದರೆ ಅಂಗಳಕ್ಕೆ ಕರೆದೊಯ್ಯಿರಿ ಎಂದು ಬರೆದಿರುತ್ತಾರೆ. ಅವರ ಅಂಗಳಕ್ಕೆ ಚಿರತೆ ಬರುವುದಿಲ್ಲ! ಹಂಗಳದ ಮಕ್ಕಳು ಹಾಗೆ ಮಾಡಲೇಕೂಡದು. ಹಳೆಯ ಬಾಂಡ್ಲಿಯಲ್ಲಿ ಮಣ್ಣು ತುಂಬಿ ಒಳಗಿನ ಮೂಲೆಯಲ್ಲಿಡಿ, ಮರಿಯ ಗೋಣಿಚೀಲದಿಂದ ನಾಲ್ಕು ಹೆಜ್ಜೆ ದೂರದಲ್ಲಿ. ಬೆಳಿಗ್ಗೆ ಆ ಮಣ್ಣು ತಿಪ್ಪೆಗೆ ಹೋಗಲಿ. ಬಾಂಡ್ಲಿ ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯಿರಿ.

ಮುಚ್ಚಿಟ್ಟರೆ ದೇಹಕ್ಕೆ ಏನಾಗುತ್ತದೆ ಎಂಬುದಕ್ಕೆ ಜಗತ್ತಿಗೆಲ್ಲ ಗೊತ್ತಿರುವ ಒಂದು ಉದಾಹರಣೆ ಇದೆ. 1957ರ ನವೆಂಬರ್ 3ರಂದು ಸೋವಿಯತ್ ದೇಶ ಸ್ಪುಟ್ನಿಕ್ 2 ನೌಕೆಯಲ್ಲಿ ಲೈಕಾ ಎಂಬ ನಾಯಿಯನ್ನು ಕಳುಹಿಸಿದ್ದನ್ನು ನೀವು ಓದಿರುತ್ತೀರಿ. ಪಾಠದಲ್ಲಿ ಸಾಮಾನ್ಯವಾಗಿ ಹೇಳದ ಸಂಗತಿ ಇದು. ನೌಕೆಯ ಇಕ್ಕಟ್ಟು ಅಭ್ಯಾಸವಾಗಲೆಂದು ಆ ನಾಯಿಗಳನ್ನು ಮೊದಲೇ ಚಿಕ್ಕ, ಇನ್ನೂ ಚಿಕ್ಕ ಪಂಜರಗಳಲ್ಲಿ ಇಪ್ಪತ್ತು ದಿನಗಳವರೆಗೆ ಇಟ್ಟಿದ್ದರು. ನಾಯಿಗಳು ಮಲ ಮೂತ್ರ ಮಾಡುವುದನ್ನೇ ನಿಲ್ಲಿಸಿದವು, ಚಡಪಡಿಸಿದವು, ಸೊರಗಿದವು. ಲೈಕಾ ಸತ್ತದ್ದು ಹಾರಿದ ಕೆಲವೇ ಗಂಟೆಗಳಲ್ಲಿ, ನೌಕೆಯೊಳಗಿನ ಸೆಕೆಯಿಂದ. ಈ ನಿಜ ಹೊರಬಿದ್ದದ್ದು 2002ರಲ್ಲಿ. ಆ ಕೆಲಸದಲ್ಲಿದ್ದ ವಿಜ್ಞಾನಿ ಒಲೆಗ್ ಗಜೆಂಕೊ ಅವರೇ 1998ರಲ್ಲಿ ಅದಕ್ಕಾಗಿ ವಿಷಾದ ವ್ಯಕ್ತಪಡಿಸಿದ್ದರು.

ಸೆಕೆಯ ಮಾತು ನಮ್ಮ ಊರಿಗೂ ಸೇರಿದ್ದೇ. ನಮ್ಮಂತೆ ನಾಯಿಗೆ ಮೈಯೆಲ್ಲ ಬೆವರುವುದಿಲ್ಲ. ಬಾಯಿ ತೆರೆದು ಏದುಸಿರು ಬಿಟ್ಟು, ನಾಲಿಗೆಯ ತೇವ ಆವಿಯಾಗುವುದರಿಂದ ಅದು ಮೈ ತಂಪು ಮಾಡಿಕೊಳ್ಳಬೇಕು. ಏಪ್ರಿಲ್ ತಿಂಗಳಲ್ಲಿ ತಗಡಿನ ಮಾಡಿನ ಕೆಳಗೆ, ಗಾಳಿಯಾಡದ ಕ್ರೇಟಿನಲ್ಲಿ ಅದು ಎಷ್ಟು ತೇಕಿದರೂ ಸಾಲದು. ಬೆಳಿಗ್ಗೆ ನೆರಳಿದ್ದ ಜಾಗಕ್ಕೆ ಮಧ್ಯಾಹ್ನ ಬಿಸಿಲು ಬರುತ್ತದೆ ಎಂಬುದನ್ನು ಎಷ್ಟು ಜನ ನೆನಪಿಡುತ್ತಾರೆ?

ಎಲ್ಲಕ್ಕಿಂತ ಹೆಚ್ಚಾಗಿ ನನಗೆ ಜಗಳವಿರುವುದು ಒಂದು ನಂಬಿಕೆಯ ಜೊತೆ. "ಕಟ್ಟಿ ಬೆಳೆಸಿದರೆ ನಾಯಿ ಜೋರಾಗುತ್ತದೆ, ಹೊಲ ಚೆನ್ನಾಗಿ ಕಾಯುತ್ತದೆ" ಎನ್ನುತ್ತಾರೆ ಹಿರಿಯರು. ಅಮೆರಿಕದ ಬಾರ್ ಹಾರ್ಬರ್ ಎಂಬಲ್ಲಿ ವಿಜ್ಞಾನಿಗಳು ಎತ್ತರದ ಬೇಲಿಯೊಳಗೆ ಮರಿಗಳನ್ನು ಮನುಷ್ಯರ ಸಂಪರ್ಕವಿಲ್ಲದೆ ಬೆಳೆಸಿ, ಬೇರೆ ಬೇರೆ ವಯಸ್ಸಿನಲ್ಲಿ ಹೊರತಂದು ನೋಡಿದರು. ಫಲಿತಾಂಶ 1961ರಲ್ಲಿ ಪ್ರಕಟವಾಯಿತು. ಐದು, ಏಳು, ಒಂಬತ್ತು ವಾರಗಳಲ್ಲಿ ಜನರನ್ನು ಕಂಡ ಮರಿಗಳು ಹೊಂದಿಕೊಂಡವು. ಹದಿನಾಲ್ಕನೇ ವಾರದವರೆಗೆ ಯಾರನ್ನೂ ಕಾಣದವು ಕಾಡುಪ್ರಾಣಿಯಂತೆ ಹೆದರಿ ದೂರವೇ ಉಳಿದವು. ಅಂದರೆ ಮೂರನೇ ವಾರದಿಂದ ಸುಮಾರು ಮೂರು ತಿಂಗಳವರೆಗಿನ ಕಾಲವೇ ಮರಿಯ ಪಾಠಶಾಲೆ. ಅಜ್ಜಿ, ಹಸು, ಬಸ್ಸಿನ ಹಾರನ್ನು, ಚೆಂಡುಹೂ ಕೊಯ್ಯಲು ಬರುವ ಆಳುಗಳು, ಇವೆಲ್ಲ ಹೆದರಬೇಕಾದ್ದಲ್ಲ ಎಂದು ಅದು ಆಗಲೇ ಕಲಿಯಬೇಕು. ನಾವು ಮಂಕರಿ ಬೋರಲು ಹಾಕುವುದೂ ಸರಿಯಾಗಿ ಅದೇ ವಾರಗಳಲ್ಲಿ! ಅಂಥ ಮರಿ ದೊಡ್ಡದಾಗಿ ಕಂಡಕಂಡವರಿಗೆ ಬೊಗಳಿದರೆ ಅದು ಜೋರಲ್ಲ, ಹೆದರಿಕೆ. ಹೆದರಿದ ನಾಯಿ ಕಳ್ಳನನ್ನೂ ನೆಂಟನನ್ನೂ ಒಂದೇ ರೀತಿ ಕಚ್ಚುತ್ತದೆ, ಚೆಂಡು ತರಲು ಓಡಿದ ಮಗುವನ್ನೂ. (ನಾಯಿ ಕಚ್ಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಮರಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ ಹಾಕಿಸಬೇಕು.)

ಹಾಗಾದರೆ ಸುಮ್ಮನೆ ಬಿಟ್ಟುಬಿಡಬಹುದೇ? ಊಟಿ ರಸ್ತೆಯ ಪಕ್ಕದ ಮನೆಯವರು ಇದಕ್ಕೆ ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ಬಿಟ್ಟ ಮರಿ ಲಾರಿಗೆ ಸಿಗುತ್ತದೆ. ಕಾಡಿನತ್ತ ಅಲೆಯುವ ನಾಯಿಗಳು ಜಿಂಕೆಯನ್ನು ಅಟ್ಟುತ್ತವೆ, ತಮ್ಮ ರೋಗಗಳನ್ನು ಸೀಳುನಾಯಿಗಳಿಗೆ ಅಂಟಿಸಬಲ್ಲವು. ಬೇಕಾದದ್ದು ಜೊತೆಯಲ್ಲಿ ಒಬ್ಬರು. ಮಧ್ಯಾಹ್ನ ಮನೆಯಲ್ಲಿರುವ ಅಜ್ಜಿಯೋ ಪಕ್ಕದ ಮನೆಯವರೋ ಎರಡು ಸಲ ಮರಿಯನ್ನು ಬಿಚ್ಚಿ, ಕಾಲು ಗಂಟೆ ಹಿತ್ತಲಲ್ಲಿ ಆಡಿಸಿದರೆ ಆ ಆರೂವರೆ ಗಂಟೆ ಮೂರು ತುಂಡಾಗುತ್ತದೆ. ಯಾರೂ ಇಲ್ಲದ ಮನೆಯಾದರೆ ಹಿತ್ತಲಿನ ನೆರಳಿನಲ್ಲಿ ನಾಲ್ಕು ಮಾರು ಉದ್ದಗಲ ಬೇಲಿ ಕಟ್ಟಿ, ನೀರಿಟ್ಟು ಬಿಡುವುದು ಮಂಕರಿಗಿಂತ ಸಾವಿರ ಪಾಲು ಮೇಲು. ಅದೂ ಆಗದವರು ಈ ವರ್ಷ ಮರಿ ತರದಿರುವುದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ.

ಕಾನೂನೂ ಈ ವಿಷಯದಲ್ಲಿ ಸುಮ್ಮನಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿ, ಸದಾ ಕಟ್ಟಿಹಾಕಿದ ಅಥವಾ ಕೂಡಿಹಾಕಿದ ನಾಯಿಗೆ ಓಡಾಟ ಕೊಡದಿರುವುದು ಅಪರಾಧ ಎಂದು ನಾಯಿಯ ಹೆಸರು ಹಿಡಿದೇ ಹೇಳಿದೆ. ಮೊದಲ ಸಲದ ದಂಡ 10ರಿಂದ 50 ರೂಪಾಯಿ. ಇಷ್ಟು ಕಡಿಮೆ ದಂಡಕ್ಕೆ ಯಾರು ಹೆದರುತ್ತಾರೆ? ಮನೆಯಲ್ಲಿ ನೀವೇ ಲೆಕ್ಕ ಇಡಬೇಕು.

ಒಂದು ಹಾಳೆಯಲ್ಲಿ ಏಳು ದಿನಗಳ ಪಟ್ಟಿ ಎಳೆಯಿರಿ. ಮರಿಯನ್ನು ಮುಚ್ಚಿದ ಸಮಯ, ಬಿಚ್ಚಿದ ಸಮಯ, ಒಳಗೇ ಕೊಳೆ ಮಾಡಿತೇ, ರಾತ್ರಿ ಎಷ್ಟು ಸಲ ಕುಂಯ್‌ಗುಟ್ಟಿತು, ಎಲ್ಲವನ್ನೂ ಬರೆಯಿರಿ. ಮುಂದಿನ ವಾರ ಹೊರಗಿರುವ ಹೊತ್ತನ್ನು ಎರಡು ಗಂಟೆ ಹೆಚ್ಚಿಸಿ, ಮತ್ತೆ ಏಳು ದಿನ ಬರೆಯಿರಿ. ಎರಡು ಹಾಳೆಗಳನ್ನೂ ತರಗತಿಗೆ ತಂದು ಪಕ್ಕಪಕ್ಕದಲ್ಲಿಟ್ಟು ನೋಡಿ.