ಯಾವ ವಾಡಿಕೆಗಿಂತ ಕಡಿಮೆ?

ಹವಾಮಾನ ಬದಲಾವಣೆಯ ಬಗ್ಗೆ ನೆಚ್ಚಿಕೊಂಡು ಓದುವಂಥದ್ದು ಏನಿದೆ ಎಂದು ಓದುಗರು, ಅದರಲ್ಲೂ ಮೇಷ್ಟ್ರುಗಳು, ಕೇಳುತ್ತಲೇ ಇರುತ್ತಾರೆ. ಹೆಸರು ಹೇಳುವುದು ಸುಲಭ. ಜಗತ್ತಿನ ಮಟ್ಟಿಗೆ ಹವಾಮಾನ ಬದಲಾವಣೆಯ ಅಂತರ್‌ಸರ್ಕಾರಿ ಸಮಿತಿ, ಅಂದರೆ ಐಪಿಸಿಸಿಯ ವರದಿಗಳಿವೆ. ನಮ್ಮ ದೇಶದ ಮಟ್ಟಿಗೆ 2020ರಲ್ಲಿ ಕೇಂದ್ರದ ಭೂವಿಜ್ಞಾನ ಸಚಿವಾಲಯ ಹೊರತಂದ ಗ್ರಂಥವಿದೆ. ಎರಡೂ ಇಂಗ್ಲಿಷಿನಲ್ಲಿವೆ, ಪುಕ್ಕಟೆ ಸಿಗುತ್ತವೆ. ಐಪಿಸಿಸಿಯ ಸಾವಿರಾರು ಪುಟ ನೋಡಿ ಹೆದರಬೇಕಿಲ್ಲ, ನೀತಿ ರೂಪಿಸುವವರಿಗೆಂದು ಬರೆದ ಸಾರಾಂಶ ಓದಿದರೆ ಶುರುವಿಗೆ ಸಾಕು. ಅದನ್ನು ಸರ್ಕಾರಗಳ ಪ್ರತಿನಿಧಿಗಳು ಸಾಲುಸಾಲಾಗಿ ಚರ್ಚಿಸಿ ಒಪ್ಪಿರುತ್ತಾರೆ. ಸಪ್ಪೆ ಎನಿಸಿದರೆ ಕಾರಣ ಅದೇ.

ತೊಡಕು ಬರುವುದು ಅಲ್ಲಿಯ ಅಂಕಿಗಳು ನಮ್ಮ ಲೇಖನಗಳಿಗೆ ಇಳಿಯುವಾಗ. ಭಾರತದ ಸರಾಸರಿ ತಾಪಮಾನ 0.7 ಡಿಗ್ರಿ ಏರಿದೆ ಎಂದು ಒಬ್ಬರು ಬರೆಯುತ್ತಾರೆ, ಭೂಮಿ 1.1 ಡಿಗ್ರಿ ಬಿಸಿಯಾಗಿದೆ ಎಂದು ಇನ್ನೊಬ್ಬರು. ಹಾಗಾದರೆ ನಮ್ಮಲ್ಲಿ ಅಷ್ಟೇನೂ ಆಗಿಲ್ಲ ಎಂದು ಮೂರನೆಯವರು ತೀರ್ಪು ಕೊಟ್ಟುಬಿಡುತ್ತಾರೆ. ಮೊದಲನೆಯದು 1901ರಿಂದ 2018ರವರೆಗಿನ ಲೆಕ್ಕ. ಎರಡನೆಯದು 1850–1900ರ ಸರಾಸರಿಗೆ 2011–2020ನ್ನು ಹೋಲಿಸಿದ್ದು, ಅದರಲ್ಲಿ ಕಡಲೂ ಸೇರಿದೆ. ಎರಡನ್ನೂ ನೇರವಾಗಿ ಹೋಲಿಸುವಂತಿಲ್ಲ.

ಮಳೆಯ ಲೆಕ್ಕ ಇನ್ನೂ ನಾಜೂಕು. ದೇಶದ ಮುಂಗಾರಿನ ವಾಡಿಕೆ 880.6 ಮಿ.ಮೀ. ಎಂದಿತ್ತು; ಅದು 1961–2010ರ ಸರಾಸರಿ. 2022ರಲ್ಲಿ ಹವಾಮಾನ ಇಲಾಖೆ 1971–2020ರ ಸರಾಸರಿಯನ್ನು ಹಿಡಿದು 868.6ಕ್ಕೆ ಇಳಿಸಿತು. ಇದರಲ್ಲಿ ಮೋಸವೇನಿಲ್ಲ, ಕಾಲಕಾಲಕ್ಕೆ ಮಾಡುವ ಪರಿಷ್ಕರಣೆ. ಆದರೆ ಅಷ್ಟೇ ಮಳೆ ಬಿದ್ದರೂ ಈಗ ಕೊರತೆ ತುಸು ಕಡಿಮೆ ಕಾಣುತ್ತದೆ. ಹಳೆಯ ಶೇಕಡಾವಾರನ್ನು ಹೊಸದರ ಪಕ್ಕಕ್ಕಿಟ್ಟು ಬರೆದ ಲೇಖನಗಳು ನಮ್ಮ ಮೇಜಿಗೂ ಬರುತ್ತವೆ. ಇನ್ನು ಮುಂದೆ ನಮ್ಮ ಪತ್ರಿಕೆಯಲ್ಲಿ ಅಂಕಿ ಅಚ್ಚಾಗುವುದಾದರೆ ಯಾರ ಅಳತೆ, ಯಾವ ವರ್ಷಗಳಿಗೆ ಹೋಲಿಸಿದ್ದು ಎಂಬುದೂ ಜೊತೆಗೇ ಅಚ್ಚಾಗಬೇಕು. ಲೇಖಕರು ಮುನಿಸಿಕೊಂಡರೂ ಸರಿ.

ಇಂಗ್ಲಿಷಿನ ಹಂಗಿಲ್ಲದ ಆಕರವೂ ಒಂದಿದೆ. ಕೊಡಗು, ಸಕಲೇಶಪುರ, ಚಿಕ್ಕಮಗಳೂರಿನ ಎಷ್ಟೋ ಕಾಫಿ ತೋಟದ ಮನೆಗಳಲ್ಲಿ ಅಜ್ಜನ ಕಾಲದಿಂದ ಬರೆದಿಟ್ಟ ಮಳೆ ಲೆಕ್ಕದ ಪುಸ್ತಕಗಳಿವೆ. ಎಲ್ಲ ಇಂಚು, ಸೆಂಟುಗಳಲ್ಲಿ; ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿ.ಮೀ. ಒಂದು ತೋಟಕ್ಕೆ ಕಾಫಿ ಹೂ ಅರಳಿಸುವ ಹೂಮಳೆ ಯಾವತ್ತು ಬಿತ್ತು ಎಂಬುದು ದೊಡ್ಡ ವರದಿಗಳಲ್ಲಿ ಸಿಗುವ ವಿಷಯವಲ್ಲ. ಹಾಗೆಂದು ಒಂದು ತೋಟದ ಮಳೆಯನ್ನು ಜಿಲ್ಲೆಯ ಮಳೆ ಅನ್ನುವಂತಿಲ್ಲ. ಮಳೆ ಮಾಪಕದ ಪಕ್ಕದ ಸಿಲ್ವರ್ ಓಕ್ ಮರ ಎತ್ತರಕ್ಕೆ ಬೆಳೆದು ಅಡ್ಡವಾಗಿದ್ದರೆ ಪುಸ್ತಕದಲ್ಲಿ ಮಳೆ ಕಡಿಮೆಯಾಗುತ್ತಾ ಹೋಗಿರಬಹುದು, ಆಕಾಶದಲ್ಲಿ ಏನೂ ಬದಲಾಗದೆ.

ಅಂಥ ಪುಸ್ತಕ ಇರುವವರು ಪುಟಗಳ ಫೋಟೊ ತೆಗೆದು ನಮಗೆ ಕಳಿಸಿ. ಮಾಪಕ ಎಲ್ಲಿತ್ತು, ಯಾವಾಗ ಜಾಗ ಬದಲಾಯಿತು, ದಿನಾ ಎಷ್ಟು ಗಂಟೆಗೆ ಅಳೆಯುತ್ತಿದ್ದರು ಎಂಬುದನ್ನೂ ಬರೆಯಿರಿ. ಮೂಲ ಪುಸ್ತಕವನ್ನು ಮಾತ್ರ ದಯವಿಟ್ಟು ಅಂಚೆಗೆ ಹಾಕಬೇಡಿ.